ರಾಕ್ಸಿ ಏಳಲಿಲ್ಲ

ಸರ್ಕಾರಕ್ಕೆ ಮಕ್ಕಳೆಂದರೆ ಬಲು ಪ್ರೀತಿ. ವಾರಕ್ಕೆ ಮೂವತ್ತು ಗಂಟೆ ಪ್ರೀತಿ. ಅದೂ ಮಗು ಶಾಲೆಗೆ ಸೇರುವ ತನಕ. ಆಮೇಲೆ ನೀವು ಯಾರೋ, ಸರ್ಕಾರ ಯಾರೋ.

ನರ್ಸರಿಯ ಶುಲ್ಕವನ್ನು ಸರ್ಕಾರವೇ ಕಟ್ಟುವ ಆ ಮೂವತ್ತು ಗಂಟೆಯ ಮೇಲೆ ರಾಕ್ಸಿ ತನ್ನ ಬದುಕನ್ನು ನಿಲ್ಲಿಸಿಕೊಂಡಿದ್ದಳು. ಬೆಳಿಗ್ಗೆ ಮಗಳು ಮಾರ್ನಿಯನ್ನು ನರ್ಸರಿಯಲ್ಲಿ ಬಿಡುವುದು. ಬಸ್ಸು ಹಿಡಿಯುವುದು. ಸ್ಕಾರ್‌ಬೆಕ್ ಬಂದರಿನ ಮೀನು ಕಾರ್ಖಾನೆಯಲ್ಲಿ ಒಂಬತ್ತೂವರೆಯಿಂದ ಎರಡೂವರೆಯವರೆಗೆ ನಿಲ್ಲುವುದು. ಆ ಪಾಳಿಗೆ 'ತಾಯಂದಿರ ಪಾಳಿ' ಎಂದು ಹೆಸರು. ಹೆಸರಿಟ್ಟವನು ಗಂಡಸು. ಅಲ್ಲಿ ಐದು ಗಂಟೆ ಕೂರುವ ಹಾಗಿಲ್ಲ. ಹೊರಗೆ ಜನವರಿಯ ಚಳಿಯಿದ್ದರೆ ಒಳಗೆ ಅದರಪ್ಪ. ಬೆಲ್ಟಿನ ಮೇಲೆ ಮೀನಿನ ತುಂಡುಗಳು ಬರುತ್ತವೆ, ರೊಟ್ಟಿಪುಡಿಯಲ್ಲಿ ಹೊರಳುತ್ತವೆ, ಮುಂದೆ ಹೋಗುತ್ತವೆ. ಮುರಿದದ್ದನ್ನು ಎತ್ತಿ ಪಕ್ಕಕ್ಕೆ ಹಾಕಬೇಕು. ಒಂದು ತಪ್ಪಿದರೆ ಮೇಲ್ವಿಚಾರಕ ಕಾಲಿನ್ ಬಂದು ಹಿಂದೆ ನಿಂತು ಕೆಮ್ಮುತ್ತಾನೆ. ಎರಡು ತಪ್ಪಿದರೆ ಹೆಸರು ಹಿಡಿದು ಕೆಮ್ಮುತ್ತಾನೆ. ಹನ್ನೊಂದರ ಹೊತ್ತಿಗೆ ಬೆರಳುಗಳು ಯಾರದೋ ಆಗಿರುತ್ತವೆ. ಎಷ್ಟು ಸೋಪು ತಿಕ್ಕಿದರೂ ಮೈಯಿಂದ ಮೀನು ಹೋಗುವುದಿಲ್ಲ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಯಾವಾಗಲೂ ಖಾಲಿ. ಆ ಕೆಲಸದಿಂದ ಸಿಕ್ಕ ಸುಖ ಅದೊಂದೇ.

ಮಾರ್ನಿಗೆ ಆಗಸ್ಟ್ ಕೊನೆಯ ವಾರ ನಾಲ್ಕು ತುಂಬಿತು. ಸೆಪ್ಟೆಂಬರಿಗೆ ಶಾಲೆ. ನರ್ಸರಿಯಲ್ಲಿ ಮಕ್ಕಳಿಗೆಲ್ಲ ರಟ್ಟಿನ ಕರಿ ಟೋಪಿ ಹಾಕಿಸಿ, ಕೈಗೊಂದು ಸುರುಳಿ ಕೊಟ್ಟು, ಪದವಿ ಪ್ರದಾನ ಮಾಡಿದರು. ನರ್ಸರಿ ನಡೆಸುವ ಡೆನೀಸ್ ಗಳಗಳ ಅತ್ತಳು. ಮಾರ್ನಿ ಟೋಪಿ ತೆಗೆದು ಅಮ್ಮನ ಕೈಗೆ ಕೊಟ್ಟು ಹೇಳಿದಳು: "ಓದು ಮುಗೀತು ಮಮ್. ಇನ್ನು ನಾನೂ ಮೀನಿಗೆ ಬರ್ತೀನಿ."

"ಇನ್ನೂ ಶಾಲೆ ಇದೆ ಕಣೇ."

"ಮತ್ತೆ ಟೋಪಿ ಯಾಕೆ ಕೊಟ್ರು?"

ರಾಕ್ಸಿ ಟೋಪಿಯನ್ನು ಮಡಚಿ ಚೀಲಕ್ಕೆ ತುರುಕಿದಳು.

ಶಾಲೆಯಿಂದ ಒಂದು ಚೀಟಿ ಬಂತು. ಮೇಲೊಂದು ನಗುವ ಸೂರ್ಯ. ಕೆಳಗೆ 'ಹೊಂದಿಕೊಳ್ಳುವ ವಾರಗಳು' ಎಂಬ ತಲೆಬರಹ. ಮೊದಲ ವಾರ ಒಂಬತ್ತೂಕಾಲಿನಿಂದ ಹತ್ತೂಮುಕ್ಕಾಲು. ಎರಡನೆಯ ವಾರ ಹನ್ನೊಂದೂವರೆಯ ತನಕ. ಮೂರನೆಯ ವಾರ ಊಟ ಮುಗಿಸಿ ಒಂದು ಗಂಟೆಗೆ ಮನೆಗೆ. ನಾಲ್ಕನೆಯ ವಾರದಿಂದ ಪೂರ್ತಿ ದಿನ, ಎಂಟೂಮುಕ್ಕಾಲಿನಿಂದ ಮೂರೂಕಾಲು. ಮಗುವಿನ ಎಳೆ ಮನಸ್ಸಿಗೆ ನೋವಾಗಬಾರದಲ್ಲ. ತಾಯಿಯ ಪಾಳಿಗೆ ಎಳೆ ಮನಸ್ಸಿಲ್ಲ.

ಅವಳು ಡೆನೀಸಳ ಹತ್ತಿರ ಓಡಿದಳು. "ಮೂರೇ ವಾರ ಇಟ್ಕೋ ಡೆನೀಸ್. ಆ ಮೂವತ್ತು ಗಂಟೆ ಇದೆಯಲ್ಲ."

"ಇತ್ತು, ಲವ್," ಅಂದಳು ಡೆನೀಸ್. ಆ ಊರಲ್ಲಿ ಎಲ್ಲರೂ ಎಲ್ಲರನ್ನೂ ಲವ್ ಎನ್ನುತ್ತಾರೆ, ಕತ್ತು ಕುಯ್ಯುವಾಗಲೂ. "ಆಗಸ್ಟ್ ಮೂವತ್ತೊಂದಕ್ಕೆ ನಿಂತ್ಹೋಗುತ್ತೆ. ಸರ್ಕಾರದ ಕಂಪ್ಯೂಟರಲ್ಲಿ ಇವಳೀಗ ಶಾಲೆ ಹುಡುಗಿ. ನೀನೇ ಕೈಯಿಂದ ಕೊಟ್ರೆ ಇಟ್ಕೊಳ್ತೀನಿ."

ನರ್ಸರಿಯ ಒಂದು ದಿನದ ಶುಲ್ಕ ಮೀನಿನ ಒಂದು ದಿನದ ಕೂಲಿಗಿಂತ ಹೆಚ್ಚು. ಅಂದರೆ ಕೆಲಸಕ್ಕೆ ಹೋಗಲು ರಾಕ್ಸಿಯೇ ದುಡ್ಡು ಕೊಡಬೇಕು. ಮೀನುಗಳು ಕೂಡ ಅಷ್ಟು ಪೆದ್ದಲ್ಲ.

ನಗರಸಭೆಗೆ ಫೋನು ಮಾಡಿದಳು. ನಲವತ್ತು ನಿಮಿಷ ಪಿಟೀಲು ಕೇಳಿಸಿದರು. ಆಮೇಲೆ ಜೇನಿನಂಥ ದನಿಯ ಹೆಂಗಸೊಬ್ಬಳು ಬಂದಳು.

"ಮಗು ಶಾಲೆಗೆ ಸೇರಿದೆ ಅಂತ ಇಲ್ಲಿ ತೋರಿಸ್ತಿದೆ, ಲವ್."

"ಸೇರಿದೆ. ಆದ್ರೆ ಶಾಲೆಯೋರು ಒಂದೂವರೆ ಗಂಟೆ ಮಾತ್ರ ಇಟ್ಕೊಳ್ತಾರೆ."

"ಒಳ್ಳೇದೇ ಅಲ್ವಾ. ನಿಧಾನಕ್ಕೆ ಹೊಂದ್ಕೊಳ್ಳಲಿ."

"ಮಿಕ್ಕ ಹೊತ್ತು ಎಲ್ಲಿ ಹೊಂದ್ಕೋಬೇಕು?"

"ಮನೇಲಿ."

"ಮನೇಲಿ ಯಾರಿದಾರೆ?"

"ನೀವು."

"ನಾನು ಕೆಲಸಕ್ಕೆ ಹೋಗ್ತೀನಿ. ಕೆಲಸಕ್ಕೆ ಹೋಗೋರಿಗೆ ತಾನೆ ಈ ಮೂವತ್ತು ಗಂಟೆ?"

"ಹೌದು, ಕೆಲಸಕ್ಕೆ ಹೋಗೋರಿಗೇ."

"ಹಂಗಾದ್ರೆ ಕೊಡಿ."

"ಆದ್ರೆ ಮಗು ಶಾಲೇಲಿದೆಯಲ್ಲ, ಲವ್." ಆ ಕಡೆ ಕೀಲಿಮಣೆ ಟಕಟಕ ಎಂದಿತು. "ಇದು ಬಿಟ್ಟು ಇನ್ನೇನಾದ್ರೂ ಸಹಾಯ ಬೇಕಿತ್ತಾ?"

"ಸಾರಿ, ತೊಂದ್ರೆ ಕೊಟ್ಟೆ," ಅಂದು ರಾಕ್ಸಿ ಫೋನು ಇಟ್ಟಳು. ಇಟ್ಟ ಮೇಲೆ ಅಡುಗೆಮನೆಯ ಕಪಾಟನ್ನು ಒದ್ದಳು. ಮೂವತ್ತೊಂದು ವರ್ಷ ಅವಳು ಮಾಡಿಕೊಂಡು ಬಂದದ್ದು ಇದೇ. ಮೊದಲು ಸಾರಿ, ಆಮೇಲೆ ಕಪಾಟು.

ಮಾರ್ನಿಯ ಅಪ್ಪ ಎಲ್ಲೋ ಉತ್ತರಕ್ಕೆ ಹೋಗಿ ಎರಡು ವರ್ಷವಾಗಿತ್ತು. ಕ್ರಿಸ್‌ಮಸ್ಸಿಗೆ ಕಾರ್ಡು ಬರುತ್ತಿತ್ತು. ಕಾರ್ಡು ಮಗು ನೋಡಿಕೊಳ್ಳುವುದಿಲ್ಲ. ಅಜ್ಜಿ ಇದ್ದಳು. ರಾಕ್ಸಿಯ ಅಮ್ಮ ಮ್ಯಾಂಡಿ, ಐವತ್ತೆಂಟು ವರ್ಷ, ಮಂಡಿನೋವು. ಆದರೆ ಅವಳು ನಿಲ್ಲುತ್ತಿದ್ದದ್ದೂ ಅದೇ ಬೆಲ್ಟಿನ ಮುಂದೆ, ರಾಕ್ಸಿಯ ಎಡಕ್ಕೆ.

"ಅಜ್ಜಿ ಇಲ್ವಾ ಅಂತ ಶಾಲೆಯೋರು ಕೇಳಿದ್ರು, ಅಮ್ಮ."

"ಇದಾಳೆ ಅನ್ನು." ಮ್ಯಾಂಡಿ ಮುರಿದ ತುಂಡೊಂದನ್ನು ಎಸೆದಳು. "ಪಿಂಚಣಿ ವಯಸ್ಸನ್ನ ಅರವತ್ತೇಳಕ್ಕೆ ಎತ್ತಿಟ್ಟಿದಾರೆ, ಅಜ್ಜಿ ಇನ್ನೊಂಬತ್ತು ವರ್ಷ ಮೀನಿನ ಜೊತೆ ಹೊಂದ್ಕೊಳ್ತಿರ್ತಾಳೆ ಅಂತ ಹೇಳು."

ಹಿಂದೆ ಕೆಮ್ಮು ಕೇಳಿಸಿತು. ಕಾಲಿನ್. "ಮಂಗಳವಾರ ಶಾಲೆ ಅಂದ್ಯಲ್ಲ, ಬಿಡ್ತೀನಿ ರಾಕ್ಸಿ. ಬುಧವಾರ ಒಂಬತ್ತೂವರೆಗೆ ನೀನಿಲ್ಲ ಅಂದ್ರೆ ಏಜೆನ್ಸಿಯೋರು ಬೇರೆಯವಳನ್ನ ಕಳಿಸ್ತಾರೆ. ನನ್ ಕೈಲಿ ಏನೂ ಇಲ್ಲಮ್ಮ."

ಅವನ ಕೈಯಲ್ಲಿ ಪೆನ್ನಿತ್ತು. ಪಟ್ಟಿಯಿತ್ತು. ಪಟ್ಟಿಯಲ್ಲಿ ಅವಳ ಹೆಸರಿತ್ತು.

ಮಂಗಳವಾರ ಶಾಲೆಯಲ್ಲಿ ಮೊದಲ ತಂಡದ ಹನ್ನೆರಡು ಮಕ್ಕಳು, ಒಂದೊಂದು ಮಗುವಿಗೆ ಒಬ್ಬೊಬ್ಬರು ಅಪ್ಪನೋ ಅಮ್ಮನೋ. ಮೊದಲ ದಿನ ದೊಡ್ಡವರೂ ಒಳಗೆ ಕೂತು ಆಡಬೇಕು ಎಂಬುದು ಅಲ್ಲಿನ ಪದ್ಧತಿ. ಆಡಬೇಕಾದ್ದು ಮೊಣಕಾಲೆತ್ತರದ ಕುರ್ಚಿಗಳಲ್ಲಿ ಕೂತು. ಘನ ಗೃಹಸ್ಥರೆಲ್ಲ ಮಂಡಿಯನ್ನು ಗಲ್ಲಕ್ಕೆ ಆನಿಸಿಕೊಂಡು ಮಿಡತೆಗಳ ಹಾಗೆ ಕೂತಿದ್ದರು. ರಾಕ್ಸಿ ಬರುವಷ್ಟರಲ್ಲಿ ಕುರ್ಚಿ ಮುಗಿದಿದ್ದವು. ಮಿಸ್ ಫೇರ್ಲಿ, ಇಪ್ಪತ್ತನಾಲ್ಕು ವರ್ಷದ ನಗುಮುಖದ ಟೀಚರು, ಆಟದ ಮನೆಯೊಳಗಿಂದ ಕೈಗಳಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದಿಟ್ಟಳು. ಗೊಂಬೆಗಳು ಕೂರುವ ಕುರ್ಚಿ.

ರಾಕ್ಸಿ ಕೂತಳು. ಎರಡೂ ಪಕ್ಕದಲ್ಲಿ ಏನೋ ಹಿಡಿದುಕೊಂಡಿತು. ತನ್ನ ಸೊಂಟದ ಅಳತೆ ಅವಳಿಗೆ ಗೊತ್ತಿತ್ತು. ಕುರ್ಚಿಯ ಅಳತೆ ಈಗ ಗೊತ್ತಾಯಿತು.

ಪಕ್ಕದಲ್ಲಿದ್ದ ಇಮೋಜೆನ್ ಎಂಬ ಇಸ್ತ್ರಿ ಕೋಟಿನ ಹೆಂಗಸು ಮೂಗನ್ನು ಸ್ವಲ್ಪವೇ ಆಡಿಸಿ, ಕುರ್ಚಿಯನ್ನು ಸ್ವಲ್ಪವೇ ಆಚೆ ಸರಿಸಿಕೊಂಡಳು. ರಾಕ್ಸಿ ರೂಢಿಯಂತೆ "ಸಾರಿ" ಅಂದಳು. ಮೀನಿನ ಪರವಾಗಿ.

"ಮಿಸ್! ನಮ್ಮಮ್ಮ ಕಾಲು ಮಡಚಿ ಕೂತಿಲ್ಲ!" ಮಾರ್ನಿ ಮೊದಲ ದೂರು ಕೊಟ್ಟಳು. ಅವಳು ಬಂದ ಹತ್ತು ನಿಮಿಷಕ್ಕೇ ಶಾಲೆಗೆ ಪೂರ್ತಿ ಹೊಂದಿಕೊಂಡಿದ್ದಳು. ಆಗಲೇ ಇಬ್ಬರು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಬೈಯುತ್ತಿದ್ದಳು.

ಹತ್ತೂಮುಕ್ಕಾಲಿಗೆ ಮುಖ್ಯೋಪಾಧ್ಯಾಯಿನಿ ಮಿಸೆಸ್ ಆಲ್ಡರ್ಸನ್ ಬಂದರು. ಎತ್ತರದ ಹೆಂಗಸು. ದನಿಯಲ್ಲಿ ಮೆತ್ತನೆ ಉಣ್ಣೆ. "ಎಷ್ಟು ಚಂದ ಆಯ್ತು! ಈಗ ಎಲ್ಲರೂ ಮನೆಗೆ ಹೋಗೋಣ. ನಾಳೆ ಒಂಬತ್ತೂಕಾಲಿಗೆ ಮತ್ತೆ ಸಿಗೋಣ."

ಎಲ್ಲರೂ ಎದ್ದರು. ರಾಕ್ಸಿಯೂ ಎದ್ದಳು. ಕುರ್ಚಿಯೂ ಎದ್ದಿತು.

ಅವಳು ತಟ್ಟನೆ ಕೂತುಬಿಟ್ಟಳು. ಮುಖ ಕುರ್ಚಿಯ ಬಣ್ಣಕ್ಕೆ ತಿರುಗಿತು. ಹನ್ನೊಂದು ಜನ ದೊಡ್ಡವರು, ಹನ್ನೆರಡು ಮಕ್ಕಳು, ಇಬ್ಬರು ಟೀಚರು ನೋಡುತ್ತಿದ್ದಾರೆ.

"ಏನಾದ್ರೂ ತೊಂದ್ರೆನಾ?" ಮಿಸೆಸ್ ಆಲ್ಡರ್ಸನ್ ಬಾಗಿದರು.

ಗೊಂಬೆ ಕುರ್ಚಿಯಲ್ಲಿ ಅಂಡು ಸಿಕ್ಕಿಕೊಂಡಿದೆ ಎಂದು ಹೇಳುವುದಕ್ಕಿಂತ ಸಾಯುವುದು ಮೇಲು. ಹಟಮಾರಿ ಅನ್ನಿಸಿಕೊಂಡರೆ ಮಾನವಾದರೂ ಉಳಿಯುತ್ತದೆ.

"ನಾನು ಏಳಲ್ಲ," ಅಂದಳು ರಾಕ್ಸಿ.

"ಯಾಕೆ?"

ಕಾರಣ ಬೇಕಾಯಿತು. ಕಾರಣ ಆ ಚೀಟಿ ಬಂದ ದಿನದಿಂದ ಗಂಟಲಲ್ಲೇ ಕಾದು ಕೂತಿತ್ತು. "ಯಾಕಂದ್ರೆ ನಾಳೆ ನಾನು ಒಂಬತ್ತೂವರೆಗೆ ಬೆಲ್ಟಿನ ಮುಂದೆ ಇಲ್ಲಾಂದ್ರೆ ನನ್ ಕೆಲಸ ಹೋಗುತ್ತೆ. ಮೂರು ವಾರ ಈ ಮಗೂನ ಯಾರು ಇಟ್ಕೊಳ್ತಾರೆ? ನರ್ಸರಿಯೋರು ಶಾಲೇಲಿದಾಳೆ ಅಂತಾರೆ. ನೀವು ಮನೇಲಿರಲಿ ಅಂತೀರಿ. ನಗರಸಭೆಯೋಳು ಪಿಟೀಲು ಹಾಕ್ತಾಳೆ. ಇವಳು ಒಂಬತ್ತೂಕಾಲಿಂದ ಹತ್ತೂಮುಕ್ಕಾಲವರೆಗೆ ಮಾತ್ರ ಹುಟ್ಟಿದಾಳಾ? ಮಿಕ್ಕ ಹೊತ್ತು ಎಲ್ಲಿಡ್ಲಿ, ಐಸಿನ ಪೆಟ್ಟಿಗೇಲಿಡ್ಲಾ?"



"ನೀವು ಮಾಡೋದು ಅರ್ಧ ದಿನದ ಕೆಲಸ ಅಲ್ವಾ," ಮಿಸೆಸ್ ಆಲ್ಡರ್ಸನ್ ಇನ್ನಷ್ಟು ಉಣ್ಣೆ ಸುತ್ತಿದರು. "ಸ್ವಲ್ಪ ಆಚೀಚೆ ಮಾಡ್ಕೋಬಹುದಲ್ಲ? ಇದೆಲ್ಲ ಮಗೂಗೋಸ್ಕರ ತಾನೆ. ಎಲ್ಲ ಅಪ್ಪ ಅಮ್ಮಂದಿರೂ ಖುಷಿಯಾಗೇ ಒಪ್ಕೊಂಡಿದಾರೆ."

"ನಾನು ಒಪ್ಪಿಲ್ಲ."

ಬಾಗಿಲ ಬಳಿ ಹೋಗಿದ್ದವನೊಬ್ಬ ತಿರುಗಿದ. ವಿಡಾಸ್. ಲಿಥುವೇನಿಯಾದವನು, ರಾತ್ರಿ ಗೋದಾಮಿನಲ್ಲಿ ಸರಕು ಎತ್ತುವ ಗಾಡಿ ಓಡಿಸುತ್ತಿದ್ದ. ಹೆಂಡತಿಗೆ ವೃದ್ಧಾಶ್ರಮದಲ್ಲಿ ಹಗಲು ಪಾಳಿ. ಅವನ ಕಣ್ಣು ಅರ್ಧ ಮುಚ್ಚಿದ್ದವು. ವಾಪಸ್ಸು ಬಂದು ತನ್ನ ಕುರ್ಚಿಯಲ್ಲಿ ಕೂತ. ಕುರ್ಚಿ ಕಿರ್ ಎಂದಿತು.

"ನಾನೂ ಒಪ್ಪಿಲ್ಲ, ಮೇಡಮ್. ನನ್ನ ಕೇಳಿಲ್ಲ. ಚೀಟಿ ಕಳಿಸಿದ್ರಿ. ಚೀಟೀಲಿ ಸೂರ್ಯ ಇತ್ತು, ಪ್ರಶ್ನೆ ಇರ್ಲಿಲ್ಲ." ಫೋನು ತೆಗೆದ. "ನಾನು ಇಂಗ್ಲಿಷ್ ಕಲ್ತಿದ್ದು ಇಂಥ ಕಾಗದ ಓದೀನೇ. ಬಾಡಿಗೆ ಕಾಗದ, ವೀಸಾ ಕಾಗದ. ರಾತ್ರಿ ಊಟದ ಬಿಡುವಿನಲ್ಲಿ ಶಾಲೆ ನಿಯಮಾನೂ ಓದ್ದೆ. ನಾಲ್ಕು ತುಂಬಿದ ಮಗೂಗೆ ಸೆಪ್ಟೆಂಬರಿಂದ ಪೂರ್ತಿ ದಿನದ ಜಾಗ ಹಕ್ಕು. ಕಡಿಮೆ ಹೊತ್ತು ಬೇಕಾ ಬೇಡ್ವಾ ಅನ್ನೋದು ತಂದೆತಾಯಿ ಇಷ್ಟ. ಶಾಲೆ ಇಷ್ಟ ಅಲ್ಲ."

"ಇಷ್ಟು ವರ್ಷ ಯಾರೂ ಕೇಳಿಲ್ಲ," ಅಂದರು ಮಿಸೆಸ್ ಆಲ್ಡರ್ಸನ್.

"ಇವತ್ತು ಕೇಳಿದ್ರಲ್ಲ," ಅಂದದ್ದು ಇಮೋಜೆನ್. ಕೋಟು ಸರಿಮಾಡಿಕೊಂಡು ಅವಳೂ ಕೂತಳು, ಈ ಸಲ ರಾಕ್ಸಿಯ ಪಕ್ಕಕ್ಕೇ ಎಳೆದುಕೊಂಡು. ತಗ್ಗಿದ ದನಿಯಲ್ಲಿ ಹೇಳಿದಳು: "ನಾನು ಆಫೀಸಲ್ಲಿ ಹಲ್ಲು ರಿಪೇರಿ ಅಂತ ಸುಳ್ಳು ಹೇಳಿದೀನಿ ಕಣ್ರೀ. ಮೂರು ವಾರ. ಅಷ್ಟು ಹಲ್ಲೇ ಇಲ್ಲ ನನಗೆ."

ಒಬ್ಬೊಬ್ಬರೇ ಕೂತರು. ಎಂಟು ಮಿಡತೆ, ಒಂಬತ್ತು ಮಿಡತೆ. ರಾಕ್ಸಿ ನೋಡುತ್ತಿದ್ದಳು. ಅವಳ ಅಂಡಿನ ಮಾನ ಉಳಿಸುವುದಕ್ಕೆ ಹುಟ್ಟಿದ ಮಾತು ಕೋಣೆ ತುಂಬ ಬೆಳೆದು ನಿಂತಿತ್ತು.

ಆಗ ಮಾರ್ನಿ ಅಮ್ಮನ ಹಿಂದೆ ಬಗ್ಗಿ ನೋಡಿದಳು. ಶಾಲೆಗೆಲ್ಲ ಕೇಳುವ ಹಾಗೆ ಕೂಗಿದಳು: "ನಮ್ಮಮ್ಮ ಸಿಕ್ಕಾಕೊಂಡಿದಾಳೆ! ಕುರ್ಚಿ ಅವಳನ್ನ ಕಚ್ಕೊಂಡಿದೆ!"

ಮಕ್ಕಳು ಹೋ ಎಂದು ನಕ್ಕರು. ದೊಡ್ಡವರು ನಗಬಾರದೆಂದು ತುಟಿ ಕಚ್ಚಿದರು. ಅದು ಇನ್ನೂ ಕೆಟ್ಟದ್ದು.

ಮಿಸೆಸ್ ಆಲ್ಡರ್ಸನ್ನರ ಮುಖ ಅರಳಿತು. "ಓಹೋ! ಅಷ್ಟೇನಾ! ಮೊದಲೇ ಹೇಳಬಾರದಾ, ಲವ್? ಮಿಸ್ ಫೇರ್ಲಿ, ಸೋಪು ತನ್ನಿ."

ಸೋಪು ಬಂತು. ಮಕ್ಕಳು ಕೈ ತೊಳೆಯುವ, ಸ್ಟ್ರಾಬೆರಿ ವಾಸನೆಯ ಸೋಪು. ಮಿಸ್ ಫೇರ್ಲಿ ಎರಡೂ ಪಕ್ಕಕ್ಕೆ ಸುರಿದಳು. ವಿಡಾಸ್ ಕುರ್ಚಿಯ ಕಾಲು ಹಿಡಿದ. ಇಮೋಜೆನ್ ರಾಕ್ಸಿಯ ಕಂಕುಳಿಗೆ ಕೈ ಹಾಕಿದಳು, ಮೀನನ್ನೂ ಮರೆತು. ಮಕ್ಕಳು ಒಂದು, ಎರಡು, ಮೂರು ಎಣಿಸಿದರು. ಅಲ್ಲಿಂದಾಚೆ ಬರದೆ ಮತ್ತೆ ಒಂದರಿಂದ ಶುರುಮಾಡಿದರು. ಎರಡನೆಯ ಮೂರಕ್ಕೆ 'ಪ್ಲಪ್' ಎಂದಿತು. ವಿಡಾಸ್ ಕುರ್ಚಿ ಸಮೇತ ಗೋಡೆಗೆ ಹೋಗಿ ಒರಗಿದ.

ಚಪ್ಪಾಳೆ ಬಿತ್ತು.

"ಸರಿ, ಮುಗೀತಲ್ಲ," ಮಿಸೆಸ್ ಆಲ್ಡರ್ಸನ್ ಕೈ ಉಜ್ಜಿಕೊಂಡರು. "ಎಲ್ಲ ಒಂದು ತಪ್ಪು ತಿಳುವಳಿಕೆ. ನಾಳೆ ಒಂಬತ್ತೂಕಾಲು."

ಎಲ್ಲರೂ ರಾಕ್ಸಿಯನ್ನೇ ನೋಡಿದರು. ಅವಳ ಪ್ಯಾಂಟು ಒದ್ದೆ. ಮೇಲೆ ಮೀನು, ಕೆಳಗೆ ಸ್ಟ್ರಾಬೆರಿ. ಇಂಥ ಹೊತ್ತಿನಲ್ಲಿ ಹೇಳುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮೂವತ್ತೊಂದು ವರ್ಷದ ಅಭ್ಯಾಸ. 'ಸಾರಿ' ಅಂದು ಮಗುವಿನ ಕೈ ಹಿಡಿದು ಹೊರಟರಾಯಿತು. ಕಪಾಟು ಮನೆಯಲ್ಲಿ ಕಾಯುತ್ತಿತ್ತು.

ಅವಳು ವಿಡಾಸನ ಕೈಯಿಂದ ಕುರ್ಚಿ ಇಸಿದುಕೊಂಡಳು. ನೆಲಕ್ಕೆ ಕುಕ್ಕಿದಳು. ಕೂತಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಒತ್ತಿ ಒತ್ತಿ, ಪೂರ್ತಿ ಒಳಗೆ ಇಳಿಯುವ ತನಕ ಕೂತಳು.

"ಆಗ ಸಿಕ್ಕಾಕೊಂಡಿದ್ದೆ," ಅಂದಳು. "ಈಗ ಕೂತಿದೀನಿ."

ಮಿಸೆಸ್ ಆಲ್ಡರ್ಸನ್ ಫೋನು ಮಾಡಲು ಕೋಣೆಗೆ ಹೋದರು. ಬರಲಿಲ್ಲ. ಅಲ್ಲಿ ಅವರಿಗೂ ಯಾರಾದರೂ ಪಿಟೀಲು ಹಾಕಿದ್ದರೇನೋ. ಹನ್ನೊಂದೂವರೆಗೆ ಮಿಸ್ ಫೇರ್ಲಿ ಎಲ್ಲರಿಗೂ ಸೇಬಿನ ಹೋಳು, ಪುಟ್ಟ ಲೋಟದಲ್ಲಿ ಹಾಲು ಕೊಟ್ಟಳು. ವಿಡಾಸ್ ಹಾಲು ಕುಡಿದು ಅಲ್ಲೇ ಚಾಪೆಯ ಮೇಲೆ ನಿದ್ದೆಹೋದ. ಮಾರ್ನಿ ಅವನಿಗೆ ಗೊಂಬೆಯ ಕಂಬಳಿ ಹೊದಿಸಿದಳು. ಅವನ ಎದೆಯ ಮೇಲೆ ಅದು ಕರವಸ್ತ್ರದಷ್ಟಿತ್ತು. ಮಿಸ್ ಫೇರ್ಲಿ ಯಾರೂ ನೋಡದಾಗ ರಾಕ್ಸಿಯ ಅಂಗಿಗೆ ಒಂದು ನಕ್ಷತ್ರ ಅಂಟಿಸಿದಳು. ಮಕ್ಕಳಿಗೆ ಕೊಡುವಂಥದ್ದು. 'ಚೆನ್ನಾಗಿ ಕೂತಿದ್ದಕ್ಕೆ' ಎಂದು ಅದರಲ್ಲಿ ಬರೆದಿತ್ತು.

"ನಾನು ಕೊಟ್ಟೆ ಅಂತ ಹೇಳ್ಬೇಡಿ," ಪಿಸುಗುಟ್ಟಿದಳು.

ಹನ್ನೆರಡೂಮುಕ್ಕಾಲಿಗೆ ಮಿಸೆಸ್ ಆಲ್ಡರ್ಸನ್ ಬಂದರು. ಉಣ್ಣೆ ಎಲ್ಲೋ ಬಿಚ್ಚಿಹೋಗಿತ್ತು. "ಪೂರ್ತಿ ದಿನ ಬೇಕು ಅಂತ ಯಾರು ಬರೆದು ಕೊಡ್ತೀರೋ ಅವರಿಗೆ ನಾಳೆಯಿಂದಾನೇ ಕೊಡ್ತೀವಿ. ಬರೆದೇ ಕೊಡಬೇಕು."

ಯಾರ ಹತ್ತಿರವೂ ಪೆನ್ನಿರಲಿಲ್ಲ. ಹೆಬ್ಬೆರಳ ಗಾತ್ರದ ಮೇಣದ ಬಳಪಗಳಿದ್ದವು. ಇಮೋಜೆನ್ ಗುಲಾಬಿ ಬಣ್ಣದಲ್ಲಿ ವಕೀಲರ ಭಾಷೆಯಲ್ಲಿ ಬರೆದಳು. ವಿಡಾಸನನ್ನು ಎಬ್ಬಿಸಿದರು, ಅವನು ನಿಯಮದ ಸಂಖ್ಯೆ ಹಾಕಿ ನೇರಳೆಯಲ್ಲಿ ಬರೆದ. ರಾಕ್ಸಿ ಹಸಿರಿನಲ್ಲಿ ಬರೆದಳು: 'ಎಂಟೂಮುಕ್ಕಾಲಿನಿಂದ ಮೂರೂಕಾಲು. ನಾಳೆಯಿಂದ. ರಾಕ್ಸಾನ್ ಸ್ಟಬ್ಸ್, ಮೀನು ಕಾರ್ಖಾನೆ.' ಒಟ್ಟು ಹನ್ನೊಂದು ಕಾಗದ. ಹನ್ನೆರಡನೆಯವಳಿಗೆ ಒಂದೂವರೆ ಗಂಟೆಯೇ ಬೇಕಿತ್ತು. ಅವಳ ಇಷ್ಟ. ಜಗಳ ನಡೆದದ್ದು ಆ ಇಷ್ಟಕ್ಕೇ.

ರಾಕ್ಸಿಯನ್ನು ಬಿಡಿಸಲು ಈ ಸಲ ಎರಡು ಬಾಟಲಿ ಸೋಪು ಬೇಕಾಯಿತು.

ಬುಧವಾರ ಎಂಟೂಮುಕ್ಕಾಲಿಗೆ ಮಾರ್ನಿ ಹಿಂತಿರುಗಿಯೂ ನೋಡದೆ ಒಳಗೆ ಹೋದಳು. ರಾಕ್ಸಿ ಓಡಿದಳು. ಬಸ್ಸು. ಬಿಳಿ ಬೂಟು. ಕೂದಲಿಗೆ ಬಲೆ. ಒಂಬತ್ತು ಇಪ್ಪತ್ತಾರಕ್ಕೆ ಬೆಲ್ಟಿನ ಮುಂದೆ. ಕಾಲಿನ್ ಬಂದ. ಪಟ್ಟಿ ನೋಡಿದ, ಗಡಿಯಾರ ನೋಡಿದ, ಅವಳನ್ನು ನೋಡಿದ. ಕೆಮ್ಮಲು ಏನೂ ಸಿಗದೆ ಹೋದ.

"ಹೊಂದ್ಕೊಂಡ್ಳಾ?" ಮ್ಯಾಂಡಿ ಕೇಳಿದಳು.

"ಯಾರು?"

"ಹೆಡ್ಮಿಸ್ಸು."

ಮೊದಲ ಮೀನು ಬಂತು. ತಾಯಿ ಮಗಳು ಕೈ ಹಾಕಿದರು.

ಮಧ್ಯಾಹ್ನ ಮೂರೂಕಾಲಿಗೆ ಮಿಸ್ ಫೇರ್ಲಿ ಬಾಗಿಲಲ್ಲಿ ನಿಂತಿದ್ದಳು. ಒಂದೇ ದಿನದಲ್ಲಿ ಕೂದಲು ಕೆದರಿತ್ತು.

"ಮಿಸೆಸ್ ಸ್ಟಬ್ಸ್, ಒಂದು ನಿಮಿಷ. ಮಧ್ಯಾಹ್ನ ಊಟದಲ್ಲಿ ಏನಾಯ್ತು ಅಂದ್ರೆ, ಬಟಾಣಿ ತಿನ್ನಲ್ಲ ಅಂದ್ಳು. ತಿನ್ನೋ ತನಕ ಆಟಕ್ಕೆ ಬಿಡಲ್ಲ ಅಂತ ಬಡಿಸೋ ಆಂಟಿ ಹೇಳಿದ್ರು. ಸರಿ, ನಾನು ಆಟಕ್ಕೇ ಹೋಗಲ್ಲ ಅಂದು ಕೂತ್ಬಿಟ್ಳು. ಆಮೇಲೆ ಮೇಜಿಂದ ಮೇಜಿಗೆ ಪಿಸಪಿಸ ಮಾತು ಹೋಯ್ತು. ಯಾರೂ ಏಳ್ಲಿಲ್ಲ." ಉಸಿರು ತೆಗೆದುಕೊಂಡಳು. "ಮನೇಲಿ ಸ್ವಲ್ಪ ಮಾತಾಡಿ ನೋಡಿ."

"ಮಾತಾಡ್ತೀನಿ, ಮಿಸ್."

ತಾಯಿ ಮಗಳು ಕೈ ಹಿಡಿದು ಹೊರಟರು. ರಾಕ್ಸಿಯ ಕಾಲು ಸೋತಿದ್ದವು. ಮುಖ ಬಿಗಿದುಕೊಂಡೇ ನಡೆದಳು. ಶಾಲೆಯ ಗೋಡೆ ಮುಗಿಯಿತು. ಮೂಲೆ ಬಂತು.

ತಿರುಗಿದ ಮೇಲೆ ಕೇಳಿದಳು: "ಎಷ್ಟು ಜನ ಕೂತಿದ್ರೇ?"

"ಎಲ್ಲಾರೂ."

"ಬಟಾಣಿ ಏನಾಯ್ತು?"

"ಎತ್ಕೊಂಡು ಹೋದ್ರು," ಅಂದಳು ಮಾರ್ನಿ.